ಈಚಲು ಚಾಪೆಯ ಮೇಲಿನ ಮಾವು

ನಾನು ನಿಂತಿದ್ದದ್ದು ನಮ್ಮ ರೇಷ್ಮೆ ಹುಳದ ಮನೆಯ ಹಿಂಗೋಡೆಗೆ ಒರಗಿಸಿದ್ದ ಏಣಿಯ ಮೇಲೆ. ವೈಶಾಖದ ಕೊನೆ. ಬೆಳಗಿನ ಬಿಸಿಲು ಆಗಷ್ಟೇ ಹಿತ್ತಲಿಗೆ ಇಳಿದಿತ್ತು. ನೊಣ ಒಳಗೆ ಬಾರದಿರಲೆಂದು ಕಿಟಕಿಗೆ ಹಳೆಯ ಸೀರೆ ಬಡಿಯುತ್ತಿದ್ದೆ. ಹಿತ್ತಲ ಗೋಡೆಯಾಚೆ, ಪಕ್ಕದ ಮನೆಯ ದೊಡ್ಡವ್ವನ ಎರಡೂ ಕೈ ಮೊಣಕೈತನಕ ಹಳದಿಯಾಗಿದ್ದವು. ಬೆರಳ ಸಂದಿಯಲ್ಲಿ ಮಾವಿನ ನಾರು ಅಂಟಿತ್ತು. ಮೇಲಿನಿಂದ ನನಗೆ ಕಾಣುತ್ತಿದ್ದದ್ದು ಅವಳ ಬೈತಲೆ, ಬಾಗಿದ ಬೆನ್ನು, ಮುಂದೆ ಹಾಸಿದ್ದ ಈಚಲು ಚಾಪೆ. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಕೇಳಿ ತಿಳಿದದ್ದನ್ನು ಕೇಳಿದ್ದೆಂದೇ ಹೇಳುತ್ತೇನೆ.

ರಕ್ತಸಂಬಂಧದಲ್ಲಿ ಅವಳು ನಮಗೆ ಏನೂ ಆಗಬೇಕಿರಲಿಲ್ಲ. ನಮ್ಮವ್ವ ಕಾಯಿಲೆ ಬಿದ್ದು ಮಲಗಿದ್ದ ವರ್ಷವೆಲ್ಲ ನನಗೂ ಅಣ್ಣನಿಗೂ ಉಣ್ಣಲಿಕ್ಕಿದವಳು ಅವಳು. ದೊಡ್ಡವ್ವ ಎಂದು ಕರೆಯುವ ರೂಢಿ ಆಗ ಬಂದದ್ದು.

ರೇಷ್ಮೆ ಗೂಡಿಗೆ ಬೆಲೆ ಏರಿದ್ದ ಕಾಲ. ಚನ್ನಪಟ್ಟಣದ ಕಡೆಯ ನಮ್ಮ ಊರಿನಲ್ಲಿ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾದವು. ಬದುವಿನ ಮಾವಿನ ಮರಗಳು ನೆರಳು ಬೀಳುತ್ತದೆಂದು ಕೊಡಲಿಗೆ ಬಿದ್ದವು. ಜನ ಹಜಾರವನ್ನು ಹುಳಕ್ಕೆ ಬಿಟ್ಟು ತಾವು ಜಗಲಿಯಲ್ಲಿ ಮಲಗುತ್ತಿದ್ದರು. ದೊಡ್ಡವ್ವ ಮಾತ್ರ ಹುಳ ಸಾಕಲಿಲ್ಲ, ಹಿತ್ತಲ ರಸಪುರಿ ಮರವನ್ನು ಕಡಿಸಲಿಲ್ಲ. ಕೇಳಿದವರಿಗೆ, "ಊರೆಲ್ಲ ಹುಳ ಮೇಯ್ಸಾಕ್ ನಿಂತ್ರೆ ಮನ್ಸರಿಗೆ ಮೇವಾಕೋರು ಯಾರ್ಲಾ?" ಎನ್ನುತ್ತಿದ್ದಳು.

ಪ್ರತಿ ಬೇಸಿಗೆ ಅವಳು ಮಾವಿನ ಹಣ್ಣಿನ ಹಪ್ಪಳ ಹಾಕುತ್ತಿದ್ದಳು. ಹಪ್ಪಳವೆಂದರೆ ಕರಿಯುವುದಲ್ಲ, ಹಣ್ಣಿನ ರಸವನ್ನು ಚಾಪೆಯ ಮೇಲೆ ಬಳಿದು, ಒಣಗಿದ ಮೇಲೆ ಮತ್ತೊಂದು ಪದರ, ಅದರ ಮೇಲೆ ಇನ್ನೊಂದು, ಹೀಗೆ ದಿನಕ್ಕೊಂದರಂತೆ ಬಳಿದು ದಪ್ಪ ಬರಿಸುವುದು. ಚಾಪೆಗೆ ಮೊದಲು ತುಪ್ಪದ ಕೈ ಆಡಿಸುತ್ತಿದ್ದಳು. ಕೊನೆಗೆ ಕಿತ್ತಾಗ ಹಾಳೆಯ ಅಡಿಯಲ್ಲಿ ಈಚಲ ಹೆಣಿಗೆ ಅಚ್ಚಾಗಿರುತ್ತಿತ್ತು. ಅವಸರ ಮಾಡಿದವರನ್ನು ಗದರುತ್ತಿದ್ದಳು: "ಹಸೀದ್ರ ಮ್ಯಾಲೆ ಹಸೀದು ಬಳುದ್ರೆ ಒಳಗೇ ಕೊಳೀತದೆ ಕಣ್ಲಾ, ಮ್ಯಾಲೆ ಗೊತ್ತಾಗಕಿಲ್ಲ." ತವರಿಗೆ ಬಂದ ಬಸುರಿಯರಿಗೆ, ಬಾಯಿ ಕೆಟ್ಟ ಜ್ವರದವರಿಗೆ ಅವಳ ಡಬ್ಬಿಯಿಂದ ಒಂದು ತುಂಡು ಹೋಗುತ್ತಿತ್ತು.

ನಾನು ಹೇಳುವ ಬೇಸಿಗೆಯಲ್ಲಿ ಅದು ಯಾರಿಗೂ ಹೋಗುವಂತಿರಲಿಲ್ಲ. ಅವಳ ಗಂಡ, ನಾವು ದೊಡ್ಡಪ್ಪ ಅನ್ನುತ್ತಿದ್ದವನು, ಗಂಟಲಲ್ಲಿ ಗಡ್ಡೆ ಎದ್ದು ಮಲಗಿದ್ದ. ಬೆಂಗಳೂರಿನ ಡಾಕ್ಟರು ನೋಡಿ ಮನೆಗೆ ಕಳಿಸಿದ್ದರು. ಗಂಜಿಗೆ ಗಂಟಲು ಉರಿಯುತ್ತಿತ್ತು, ಹಾಲು ವಾಕರಿಕೆ ತರುತ್ತಿತ್ತು. ಹಪ್ಪಳದ ಚೂರನ್ನು ನೀರಲ್ಲಿ ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ ಕೊಟ್ಟರೆ ಅಷ್ಟು ಇಳಿಯುತ್ತಿತ್ತು. ಹಿಂದಿನ ಬೇಸಿಗೆಯದು ಮುಗಿದಿತ್ತು. ಮರದ ಕೊನೆಯ ಹಣ್ಣೂ ಈ ಬಾರಿಯ ಚಾಪೆಗೇ ಹೋಗಿತ್ತು. ಮುಂದಿನ ಮಳೆಗಾಲಕ್ಕೆ ಅವನ ಅನ್ನವೆಂದರೆ ಆ ಒಂದು ಚಾಪೆ.

ನೊಣ ಬಂದದ್ದು ಅದೇ ಬೇಸಿಗೆ. ಈಗ ಊಜಿ ಎಂದರೆ ಮಕ್ಕಳಿಗೂ ಗೊತ್ತು. ಆಗ ನಮಗೆ ಅದರ ಹೆಸರು ಗೊತ್ತಿರಲಿಲ್ಲ. ಇನ್ನೇನು ಗೂಡು ಕಟ್ಟಬೇಕಾದ ಹುಳುಗಳ ಮೈಮೇಲೆ ಕಪ್ಪು ಚುಕ್ಕೆ ಕಾಣಿಸಿಕೊಳ್ಳುತ್ತಿತ್ತು. ಗೂಡು ಕಟ್ಟಿದರೂ ಒಳಗಿನಿಂದ ನೊಣದ ಬಿಳಿಯ ಮರಿ ತೂತು ಕೊರೆದು ಹೊರಗೆ ಬೀಳುತ್ತಿತ್ತು. ತೂತು ಬಿದ್ದ ಗೂಡಿನಲ್ಲಿ ನೂಲು ಬಾರದು. ನಾಲ್ಕು ಮನೆ ಬಿಟ್ಟರೆ ಬೀದಿಯಲ್ಲಿ ಯಾರ ಹುಳವೂ ಉಳಿಯಲಿಲ್ಲ. ಹಗಲೆಲ್ಲ ಸತ್ತ ಹುಳು ಗುಂಡಿಗೆ ಹೊರುವುದೇ ಕೆಲಸ.

ಯಾಕೆ ಬಂತು ಎಂದು ಜನ ಜಗಲಿಯಲ್ಲಿ ಕೂತು ಲೆಕ್ಕ ಹಾಕಿದರು. ಹುಳ ಇಲ್ಲದ ಮನೆ ಒಂದೇ. ಅದೇ ಮನೆಯ ಹಿತ್ತಲಲ್ಲಿ ಸಿಹಿ ಹರಡಿದೆ. ಸಿಹಿಗೆ ನೊಣ ಬರುತ್ತದೆ. ಬೀಡಿ ಹೊಗೆಯಿಂದಲೂ ಹುಳ ಕೆಡುತ್ತದೆಂದು ಹುಳದ ಮನೆಯ ಬಾಗಿಲಲ್ಲೇ ನೆಂಟರನ್ನು ತಡೆಯುವ ಜನಕ್ಕೆ ಅದು ಸಲೀಸಾಗಿ ನಂಬಿಕೆಯಾಯಿತು. ಮಾತು ಕಿವಿಗೆ ಬಿದ್ದ ದಿನ ದೊಡ್ಡವ್ವ ಗಂಡನ ಮಂಚಕ್ಕೆ ಕಟ್ಟಿದ್ದ ಸೊಳ್ಳೆಪರದೆ ಬಿಚ್ಚಿ ತಂದು ಚಾಪೆಗೆ ಮುಚ್ಚಿದಳು. ಅವನ ಪಕ್ಕ ತಾನು ಬೀಸಣಿಗೆ ಹಿಡಿದು ಕೂತಳು. ಆಗ ಜನ, ವಾಸನೆಗೆ ಪರದೆ ಉಂಟೆ ಎಂದರು.

ನಾನು ಏಣಿಯ ಮೇಲಿದ್ದ ಆ ಬೆಳಿಗ್ಗೆ ಅವಳ ಹಿತ್ತಲಿಗೆ ಬಂದವರು ಬೀದಿಯ ಐವರು. ಮುಂದೆ ನಮ್ಮಣ್ಣ. ದೊಡ್ಡಪ್ಪನನ್ನು ಹೆಗಲ ಮೇಲೆ ಹೊತ್ತು ಬೆಂಗಳೂರಿನ ಬಸ್ಸು ಹತ್ತಿಸಿದ್ದವನೂ ಅವನೇ.

"ದೊಡ್ಡವ್ವ, ಇದ್ನ ನಿಲ್ಸವ್ವ," ಎಂದ ಅಣ್ಣ.

"ಇನ್ನ ಎರಡು ಬಿಸ್ಲು ಕಣಪ್ಪ. ನೀವು ನೋಡ್ರಿ, ಪರದೆ ಎತ್ತಿ ನೋಡ್ರಿ. ಒಂದು ನೊಣ ಐತಾ?"

ಹಿಂದಿನಿಂದ ಒಬ್ಬ, "ನಿನ್ನ ಹಣ್ಣಿಗೆ ಬಂದು, ನಮ್ಮ ಮನೇಲಿ ಉಣ್ತಾವೆ. ನಿಂಗೇನು, ನಿಂದೇನು ಹೋಯ್ತದೆ?" ಎಂದ.

ದೊಡ್ಡವ್ವ ಅವನ ಕಡೆ ನೋಡಿದಳು. "ನಂದೇನು ಹೋಯ್ತದೆ ಅಂತ ಒಳೀಕ್ ಹೋಗಿ ನೋಡ್ಕೊಂಡ್ ಬಾ ಹೋಗ್ಲಾ," ಎಂದಳು. ಅವನು ಹೋಗಲಿಲ್ಲ.

"ಬಂಡೆ ಮ್ಯಾಲೆ ತಕ್ಕೊಂಡೋಗಿ ಒಣಗಾಕ್ತೀನಿ. ಊರಿಂದ ದೂರ ಆಯ್ತದೆ," ಎಂದಳು ಅಣ್ಣನಿಗೆ.

"ಬಂಡೆ ಪಕ್ಕದಲ್ಲೇ ಹುಳದ ಸೊಪ್ಪಿನ ತೋಟ ಕಣವ್ವ," ಎಂದ ಅಣ್ಣ. ಅವನ ದನಿ ಮೆತ್ತಗೇ ಇತ್ತು. "ನಾಕ್ ಮನೆ ಹುಳ ಇನ್ನೂ ಜೀವಂತ ಐತೆ. ಅದ್ನಾದ್ರೂ ಉಳಿಸ್ಕೊಡು."

ಆಗ ಒಳಗಿನಿಂದ ದೊಡ್ಡಪ್ಪನ ದನಿ ಬಂತು. ದನಿ ಅನ್ನುವಂತಿರಲಿಲ್ಲ, ಒಣ ಎಲೆಯ ಮೇಲೆ ನಡೆದ ಹಾಗೆ. ಏಣಿಯ ಮೇಲಿದ್ದ ನನಗೂ ಕೇಳಿತು.

"ನಂಗೆ ಬ್ಯಾಡ. ತಗ್ದಾಕ್ಬುಡು."

ದೊಡ್ಡವ್ವ ಬಾಗಿಲ ಕಡೆ ತಿರುಗಿ, "ನಿನ್ನ ಯಾರ್ ಕೇಳುದ್ರು, ಸುಮ್ಕೆ ಮನೀಕೊ," ಎಂದಳು. ಆಮೇಲೆ ಪರದೆ ತೆಗೆದಳು. ಮೇಲಿನ ಪದರ ಇನ್ನೂ ಹಸಿ. ಅವಳು ಚಾಪೆಯನ್ನೇ ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡಳು. ಕೈ ಚಾಚಿದವರಿಗೆ ಕೊಡಲಿಲ್ಲ. ಬೀದಿಯವರು ಸತ್ತ ಹುಳು ಸುರಿದು ಸುಣ್ಣ ಎರಚುತ್ತಿದ್ದ ಗುಂಡಿಯ ಕಡೆಗೆ ನಡೆದಳು. ರಸ ಅವಳ ಬೆನ್ನ ಮೇಲೆ ಗೆರೆಯಾಗಿ ಇಳಿಯುತ್ತಿತ್ತು. ಅವರೆಲ್ಲ ಅವಳ ಹಿಂದೆ ಹೋದರು. ಬೇಲಿ ಅಡ್ಡ ಬಂದು ಮುಂದಿನದು ನನಗೆ ಕಾಣಲಿಲ್ಲ.

ನೊಣ ಕಡಿಮೆಯಾಗಲಿಲ್ಲ. ಆ ನಾಲ್ಕು ಮನೆಯ ಹುಳವೂ ಹೋಯಿತು. ರೇಷ್ಮೆ ಇಲಾಖೆಯವರೊಬ್ಬರು ಬಂದು, ಈ ನೊಣಕ್ಕೆ ಹುಳವೇ ಬೇಕು, ಮೊಟ್ಟೆ ಇಡುವುದು ಅದರ ಮೈಮೇಲೇ, ಕಿಟಕಿ ಬಾಗಿಲಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ ಎಂದರು. ಯಾರೋ ಮಾವಿನ ಹಣ್ಣಿನ ವಿಚಾರ ಕೇಳಿದರು. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಣ್ಣ ಎದ್ದು ಹೊರಗೆ ಹೋದ.

ದೊಡ್ಡಪ್ಪ ಆಷಾಢ ದಾಟಲಿಲ್ಲ. ಕೊನೆಯ ದಿನಗಳಲ್ಲಿ ದೊಡ್ಡವ್ವ ಬೆಲ್ಲದ ನೀರಿನಲ್ಲಿ ಬತ್ತಿ ಅದ್ದಿ ಅವನ ತುಟಿಗೆ ಒತ್ತುತ್ತಿದ್ದಳು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಣಕ್ಕೆ ಹೆಗಲು ಕೊಟ್ಟವರು ಆ ಐವರೇ. ಅವಳು ಬೇಡವೆನ್ನಲಿಲ್ಲ. ಆಮೇಲೆ ಬಹಳ ವರ್ಷ ಬದುಕಿದಳು, ನಮ್ಮ ಮನೆಯ ಮದುವೆಗಳಲ್ಲಿ ಅಡುಗೆಗೆ ನಿಂತಳು, ಅಣ್ಣನ ಮಕ್ಕಳನ್ನು ಎತ್ತಿ ಆಡಿಸಿದಳು. ಬೇಸಿಗೆಯಲ್ಲಿ ರಸಪುರಿ ಹಣ್ಣು ಉದುರಿದರೆ ಹಾಗೆಯೇ ಬಿಡುತ್ತಿದ್ದಳು. ದನಗಳು ತಿನ್ನುತ್ತಿದ್ದವು. ಅಣ್ಣ ಅವಳೆದುರು ತಲೆ ಎತ್ತಿ ಮಾತಾಡಿದ್ದನ್ನು ನಾನು ಕಾಣೆ. ಅವಳಿಗೆ ಕೊಳ್ಳಿ ಇಟ್ಟವನು ಅವನೇ.

ಅಣ್ಣ ಈಗಿಲ್ಲ. ಆ ಐವರಲ್ಲಿ ಉಳಿದಿರುವವನು ಒಬ್ಬನೇ, ಚಿಕ್ಕಮಾದ. ದೊಡ್ಡಮಳೂರಿನಲ್ಲಿ ಮಗಳ ಮನೆಯಲ್ಲಿದ್ದಾನೆ. ಇದನ್ನು ಬರೆಯುವ ಮೊದಲು ಅವನ ಬಳಿ ಹೋಗಿ, ಬೇಲಿಯಾಚೆ ಏನಾಯಿತೆಂದು ಕೇಳಿದೆ. ಅವನು ಹೇಳಿದ:

"ಗುಂಡಿ ತುಂಬೋಗಿತ್ತು. ಪಕ್ಕದಲ್ಲಿ ನಾನೇ ಹೊಸದು ತೋಡ್ದೆ. ಆಯಮ್ಮ ನಿಂತ್ಕೊಂಡ್ ನೋಡ್ತಿದ್ಲು. ಇನ್ನೊಸಿ ಆಳ ತೋಡಪ್ಪ, ನಾಯಿ ಕೆರೀತವೆ, ಅಂದ್ಲು. ತೋಡ್ದೆ."