ಹಂಪ್ ಮೇಲೆ ಉಳಿದ ಹಳದಿ

ನನ್ನ ಮೊಮ್ಮಗಳು ಕಾರ್ ರೇಸಿನಲ್ಲಿ ಬಹುಮಾನ ಗೆದ್ದು ಬಂದಿದ್ದಾಳೆ! ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ಕೊಯಮತ್ತೂರಿನಲ್ಲಿ, ಎಲ್ಲೆಲ್ಲಿಂದಲೋ ಬಂದ ಕಾಲೇಜು ಮಕ್ಕಳ ನಡುವೆ, ತಾನೂ ಜೊತೆಯವರೂ ಸೇರಿ ಕಟ್ಟಿದ ಕಾರನ್ನು ತಾನೇ ಓಡಿಸಿ ಎರಡನೇ ಬಹುಮಾನ ತಂದಿದ್ದಾಳೆ. ಎರಡನೆಯದಾ ಎಂದು ಪಕ್ಕದ ಮನೆಯವರು ಕೇಳಿದರು. ಹೌದು, ಎರಡನೆಯದು. ನನಗೆ ಅದೇ ಮೊದಲನೆಯದು. ನಿನ್ನೆ ಬೆಳಿಗ್ಗೆ ಅವಳು ಶಿವಮೊಗ್ಗದ ಸ್ಟೇಷನ್ನಿನಲ್ಲಿ ಇಳಿದ ಸುದ್ದಿ ಬಂದಾಗಿನಿಂದ ಬೀದಿಗೆಲ್ಲ ಹೇಳಿದ್ದೇನೆ. ಹಾಲಿನವನಿಗೆ ಎರಡು ಸಲ ಹೇಳಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಂಥವಳು ಕೂತು ಬರೆಯುತ್ತಿದ್ದೇನೆಂದರೆ ಬಾಯಲ್ಲಿ ಹೇಳಿ ಸಾಲಲಿಲ್ಲ ಎಂದೇ ತಿಳಿಯಿರಿ.

ಬಾಗಿಲಲ್ಲೇ ಚೀಲ ಎಸೆದು ನನ್ನನ್ನು ತಬ್ಬಿಕೊಂಡಳು. ಅವಳ ಅಂಗಿಯಿಂದ ಥಿನ್ನರ್ ವಾಸನೆ ಬಂತು. ಬಣ್ಣ ತೆಳುವಾಗಲಿ ಎಂದು ಬೆರೆಸುತ್ತಾರಲ್ಲ, ಆ ಥಿನ್ನರ್. ಮೂಗಿನಿಂದ ಹೋಗಿ ನೆತ್ತಿಯಲ್ಲಿ ಕೂರುವ ವಾಸನೆ. ಹನ್ನೆರಡು ವರ್ಷವಾಗಿತ್ತು ಅದು ಮೂಗಿಗೆ ಬಿದ್ದು...

"ಅಜ್ಜೀ, ಬಿಡೇ, ಉಸಿರು ಕಟ್ತಿದೆ," ಎಂದಳು. ನಾನು ಬಿಡಲಿಲ್ಲ.

ಆಮೇಲೆ ಫೋನಿನಲ್ಲಿ ಕಾರಿನ ಫೋಟೋ ತೋರಿಸಿದಳು. ಒಬ್ಬರೇ ಕೂರುವ ಗಾಡಿ, ನೆಲಕ್ಕೆ ಅಂಟಿಕೊಂಡ ಹಾಗೆ. ಹಳದಿ ಬಣ್ಣ. ಆ ಹಳದಿ ನೋಡಿ ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಖುಷಿಗೆ ಅಳುತ್ತಿದ್ದೇನೆಂದು ಮಗ, ಸೊಸೆ ನಕ್ಕರು. ಖುಷಿಯೂ ಇತ್ತು, ಇಲ್ಲವೆನ್ನುವುದಿಲ್ಲ. ಮೊಮ್ಮಗಳು ಮಾತ್ರ ನಗದೆ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತು. ನಮ್ಮಿಬ್ಬರಿಗೇ ಗೊತ್ತು.

ಆಗ ನಾವು ಭದ್ರಾವತಿಯಲ್ಲಿದ್ದೆವು. ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ರಸ್ತೆ ಬದಿಯಲ್ಲಿ ಟೀ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಅಂಗಡಿ ಇಟ್ಟಿದ್ದೆ. ಮಗ, ಸೊಸೆ ಇಬ್ಬರೂ ದಿನಾ ಶಿವಮೊಗ್ಗಕ್ಕೆ ಕೆಲಸಕ್ಕೆ ಹೋಗಿಬರುತ್ತಿದ್ದರು. ಹಾಗಾಗಿ ಶಾಲೆ ಬಿಟ್ಟ ಮೇಲೆ ಮೊಮ್ಮಗಳು ನನ್ನ ಅಂಗಡಿಯ ಬೆಂಚಿನ ಮೇಲೇ. ಪಕ್ಕದಲ್ಲಿ ಒಂದು ತಗಡಿನ ಶೆಡ್ಡು. ಅದರಲ್ಲಿದ್ದವರೇ ಪೇಂಟರಣ್ಣ. ಗುದ್ದಿಸಿಕೊಂಡು ಬಂದ ಕಾರುಗಳಿಗೆ ಬಣ್ಣ ಹೊಡೆಯುವವರು. ಕಾರ್ಖಾನೆ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರ ಮಗ. ಮನೆಯಲ್ಲಿ ತಮಿಳು, ಬೀದಿಯಲ್ಲಿ ನಮಗಿಂತ ಚೆನ್ನಾದ ಕನ್ನಡ. ವಯಸ್ಸಿನಲ್ಲಿ ನನಗಿಂತ ಚಿಕ್ಕವರೇ. ಊರೆಲ್ಲ ಅಣ್ಣ ಅನ್ನುತ್ತಿತ್ತು, ನಾನೂ ಅಣ್ಣ ಅಂದೆ. ಅವರು ನನ್ನನ್ನು ಅಕ್ಕ ಅಂದರು. ಕೊನೆಯವರೆಗೂ ಹಾಗೇ ನಡೆಯಿತು.

ಅವರ ಶೆಡ್ಡಿನ ಗೋಡೆ ತಗಡು ಎಂದು ಯಾರಿಗೂ ಕಾಣುತ್ತಿರಲಿಲ್ಲ, ತುಂಬಾ ಕಾರಿನ ಚಿತ್ರಗಳು. ನಮ್ಮ ಕಡೆ ಓಡಾಡುವ ಕಾರುಗಳಲ್ಲ. ಹೊರದೇಶದ, ಕೋಟಿಗಟ್ಟಲೆಯ ಕಾರುಗಳು. ಬಣ್ಣದ ಡಬ್ಬಿ ತರಲು ಶಿವಮೊಗ್ಗಕ್ಕೆ ಹೋದಾಗಲೆಲ್ಲ ಗಾಂಧಿ ಬಜಾರಿನ ರದ್ದಿ ಅಂಗಡಿಯಲ್ಲಿ ಕೂತು ಹಳೆಯ ಇಂಗ್ಲಿಷ್ ಪುಸ್ತಕಗಳಿಂದ ಪುಟ ಆರಿಸಿ ತರುತ್ತಿದ್ದರು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಹೆಸರು ತಾವೇ ಇಟ್ಟಿದ್ದರು: ಕುದುರೆ ಗಾಡಿ, ಹೋರಿ ಗಾಡಿ, ಕಪ್ಪೆಗಣ್ಣಿನ ಗಾಡಿ. ಒಂದೊಂದರ ಬಗ್ಗೆಯೂ ಮದುವೆಗೆ ಹುಡುಗಿ ನೋಡಿಬಂದ ಸೋದರಮಾವನ ಹಾಗೆ ಮಾತಾಡುವರು.

"ಈ ಕಪ್ಪೆಗಣ್ಣಿನದು ನೋಡಿ ಅಕ್ಕ. ಐವತ್ತು ವರ್ಷದಿಂದ ಒಂದೇ ಮುಖ ಇಟ್ಕೊಂಡಿದೆ. ಅದು ಮರ್ಯಾದಸ್ಥರ ಲಕ್ಷಣ. ಈ ಕುದುರೆದು ಚೆಂದವೇ, ಇಲ್ಲ ಅನ್ನಲ್ಲ. ಆದ್ರೆ ಕೆಂಪು ಬಿಟ್ಟು ಬೇರೆ ಬಣ್ಣ ಹೊಡೆದೋರ್ಗೆ ಅನ್ನ ಹುಟ್ಟಲ್ಲ."

"ಆ ರೆಕ್ಕೆ ಎತ್ತೋ ಬಾಗಿಲಿಂದು?" ಎಂದು ನಾನು ಕೆಣಕುತ್ತಿದ್ದೆ.

"ಹೋರಿ ಗಾಡಿ! ಅದು ನನ್ನ ಗಾಡಿ."

"ಅದ್ರಲ್ಲಿ ಎರಡು ಮೂಟೆ ಭತ್ತ ಹಾಕ್ಬೋದಾ?"

"ಮಾರಾಯ್ತಿ, ಉತ್ಸವಮೂರ್ತಿ ಮೇಲೆ ಭತ್ತದ ಮೂಟೆ ಹೊರಿಸ್ತೀರಾ ನೀವು?"

ಮೊಮ್ಮಗಳು ಬೆಂಚಿನ ಮೇಲೆ ಬಿದ್ದು ಬಿದ್ದು ನಗುವಳು.

ಗಾಡಿಗಳ ಮೇಲೆ ಎಷ್ಟು ಪ್ರೀತಿಯೋ, ಅವನ್ನು ಓಡಿಸುವವರ ಮೇಲೆ ಅಷ್ಟೇ ಸಿಟ್ಟು. ನಿಂತಲ್ಲೇ ಬ್ರೂಂ ಬ್ರೂಂ ಅಂತ ರೇಸ್ ಕೊಡುವವರನ್ನು ಡ್ರೈವರೇ ಅಲ್ಲ, ವಾಲಗದವರು ಅನ್ನುತ್ತಿದ್ದರು. ಬಣ್ಣದ ಮೇಲೆ ಸ್ಟಿಕ್ಕರ್ ಸುತ್ತಿಸುವವರ ವಿಷಯ ಬಂದರೆ ಟೀ ಲೋಟ ಕೆಳಗಿಟ್ಟುಬಿಡುವರು. ಬಿ.ಎಚ್. ರೋಡಿನಲ್ಲಿ ಓಡುವ ಸಿಟಿ ಬಸ್ಸಿನ ಡ್ರೈವರಿಗೆ ಹೋರಿ ಗಾಡಿ ಕೊಟ್ಟರೆ ಅದು ಉದ್ಧಾರವಾಗುತ್ತದೆ, ಶ್ರೀಮಂತನ ಮಗನಿಗೆ ಕೊಟ್ಟರೆ ಹಾಳಾಗುತ್ತದೆ ಎನ್ನುವುದು ಅವರ ತೀರ್ಮಾನ.

"ದುಡ್ಡಿರೋರ್ಗೆ ಗಾಡಿ ಸಿಗುತ್ತೆ ಅಕ್ಕ, ಕೈ ಸಿಗಲ್ಲ."

"ನೀವು ಒಂದನ್ನೂ ಕಣ್ಣಲ್ಲಿ ಕಂಡಿಲ್ಲ. ಓಡ್ಸೋರ ಕೈ ಹೆಂಗೆ ಗೊತ್ತು?"

"ಹಂಪ್ ದಾಟೋವಾಗ ಗೊತ್ತಾಗುತ್ತೆ. ಆ ಗಾಡಿಗಳ ಹೊಟ್ಟೆ ನೆಲಕ್ಕೆ ತಾಗೋ ಹಾಗಿರುತ್ತೆ. ಪ್ರೀತಿ ಇರೋನು ಓರೆಯಾಗಿ ಹತ್ತಿಸ್ತಾನೆ, ಒಂದೊಂದೇ ಚಕ್ರ, ಬಸುರಿ ಹೆಂಗಸನ್ನ ಮೆಟ್ಲು ಇಳಿಸಿದ ಹಾಗೆ. ಇಲ್ದೋನು ನೇರ ನುಗ್ತಾನೆ. ಇವ್ರೆಲ್ಲಾ ನೇರ ನುಗ್ಗೋರೇ. ನಾನು ಹೇಳಿದ್ದು ಸುಳ್ಳು ಅಂತ ಒಬ್ಬನೇ ಒಬ್ಬ ತೋರಿಸ್ಲಿ... ಅವ್ನ ಕೈ ಹಿಡಿದು ಕಣ್ಣಿಗೊತ್ಕೋತೀನಿ."

ನಮ್ಮ ಅಂಗಡಿಯ ಮುಂದೆಯೇ ಒಂದು ಹಂಪ್ ಇತ್ತು. ಅದು ಸರ್ಕಾರದ್ದಲ್ಲ, ನಾವೇ ಹಾಕಿದ್ದು. ಶಾಲೆ ಮಗುವಿಗೆ ಬೈಕು ತಗುಲಿದ್ದಕ್ಕೆ ಬೀದಿಯವರೆಲ್ಲ ಸೇರಿ, ಕಾರ್ಖಾನೆಯಿಂದ ಹೊರಗೆ ಬಿದ್ದ ಕಬ್ಬಿಣದ ಕಿಟ್ಟ ತಂದು, ಟಾರು ಸುರಿದು, ಗುದ್ದಿ ಕೂರಿಸಿದ್ದೆವು. ಅಳತೆ ಯಾರಿಗೆ ಗೊತ್ತು? ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಗೇಣೆತ್ತರಕ್ಕೆ ಬಂತು. ಹೆಚ್ಚು ಕಿಟ್ಟ ಹೊತ್ತವರು ಪೇಂಟರಣ್ಣನೇ.

ಅವರಿಗೆ ಕೆಮ್ಮು ಹಿಡಿದು ಬಹಳ ದಿನವಾಗಿತ್ತು. ಮೂಗಿಗೆ ಏನೂ ಕಟ್ಟದೆ ಮೂವತ್ತು ವರ್ಷ ಬಣ್ಣ ಊದಿದವರು. ಆ ವಾರ ಮೂರು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಮಧ್ಯಾಹ್ನ ಶೆಡ್ಡಿನೊಳಗೆ, ಯಾವುದೋ ಕಾರಿನಿಂದ ಬಿಚ್ಚಿಟ್ಟ ಸೀಟಿನ ಮೇಲೆ ಕೂತಲ್ಲೇ ನಿದ್ದೆ ಹತ್ತಿತು. ಅವರ ಹೆಂಡತಿ ಔಷಧಿ ತರಲು ಶಿವಮೊಗ್ಗದ ಬಸ್ಸು ಹತ್ತುವ ಮುಂಚೆ ನನ್ನ ಕೈ ಹಿಡಿದು ಹೇಳಿದರು: "ಅಕ್ಕ, ಈಗ ಕಣ್ಣು ಮುಚ್ಚಿದ್ದಾರೆ. ಯಾರು ಬಂದ್ರೂ ಏಳಿಸಬೇಡಿ. ನಿಮ್ಮನ್ನ ನಂಬಿ ಹೋಗ್ತಿದ್ದೀನಿ."

ಅವರು ಹೋಗಿ ಅರ್ಧ ಗಂಟೆಯಾಗಿರಬೇಕು. ಹೆದ್ದಾರಿಯಲ್ಲಿ ಎಲ್ಲೋ ಅಗೆದಿದ್ದರಿಂದ ಗಾಡಿಗಳನ್ನೆಲ್ಲ ನಮ್ಮ ರಸ್ತೆಗೆ ತಿರುಗಿಸಿದ್ದರು. ಲಾರಿಗಳ ಹಿಂದೆ ಅದು ಬಂತು. ಹಳದಿ. ಅಡುಗೆಮನೆಯ ಮಣೆಗೆ ಚಕ್ರ ಕಟ್ಟಿದ ಹಾಗೆ ತಗ್ಗು. ಮೂತಿಯ ಮೇಲೆ ಹೋರಿ.

"ಅಜ್ಜೀ, ಹೋರಿ ಗಾಡಿ!" ಮೊಮ್ಮಗಳು ಕಿರುಚಿದಳು. ಆಗ ಅವಳಿಗೆ ಒಂಬತ್ತು.

ಹಂಪಿನ ಮುಂದೆ ಅದು ನಿಂತಿತು. ಓಡಿಸುತ್ತಿದ್ದವನು ಇಳಿದು ಬಗ್ಗಿ ಹಂಪ್ ನೋಡಿದ, ಗಾಡಿಯ ಹೊಟ್ಟೆ ನೋಡಿದ. ಮತ್ತೆ ಹತ್ತಿ, ಹಿಂದಕ್ಕೆ ತೆಗೆದು, ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಓರೆಯಾಗಿ ತಿರುಗಿಸಿದ. ಒಂದು ಚಕ್ರ... ಇನ್ನೊಂದು... ಹಿಂದಿನ ಲಾರಿಯವನು ಹಾರ್ನ್ ಒತ್ತಿಯೇ ಒತ್ತಿದ, ಇವನು ತಲೆ ಎತ್ತಲಿಲ್ಲ. ಅಷ್ಟು ಜೋಪಾನ ಮಾಡಿದರೂ ಮೂತಿಯ ಕೆಳಗಿನ ಅಂಚು ಒಂದು ಕಡೆ ಕಟ್ ಎಂದು ತಾಗಿತು. ದಾಟಿಸಿ ಬದಿಗೆ ನಿಲ್ಲಿಸಿ ಇಳಿದ. ತಾಗಿದ ಜಾಗವನ್ನು ಅಂಗೈಯಿಂದ ಸವರಿದ, ಬಿದ್ದ ಮಗುವಿನ ಮಂಡಿ ಸವರುವ ಹಾಗೆ. ನನ್ನ ಕಡೆ ತಿರುಗಿ ನಕ್ಕ.

"ಏನಮ್ಮಾ, ನಿಮ್ಮೂರಲ್ಲಿ ಬೆಟ್ಟಕ್ಕೆ ಹಂಪ್ ಅಂತೀರಾ?"

ಅವನಿಗೆ ಟೀ ಕೊಡುವುದೋ ನೀರು ಕೊಡುವುದೋ ತಿಳಿಯದೆ ನಿಂತೆ. ಅಷ್ಟರಲ್ಲಿ ಮೊಮ್ಮಗಳು ಬೆಂಚಿನಿಂದ ಜಿಗಿದಿದ್ದಳು. "ಅಂಕಲ್, ಒಂದೇ ನಿಮಿಷ ಇರ್ತೀರಾ? ನಮ್ಮ ಪೇಂಟರ್ ತಾತನ್ನ ಕರ್ಕೊಂಡ್ ಬರ್ತೀನಿ!"

"ಕರ್ಕೊಂಡ್ ಬಾ ಪುಟ್ಟಿ. ಇರ್ತೀನಿ," ಎಂದ ಅವನು.

ಅವಳು ಓಡುವ ಮೊದಲೇ ನಾನು ಅವಳ ಲಂಗ ಹಿಡಿದುಕೊಂಡೆ. ನಂಬಿ ಹೋಗಿದ್ದಾರಲ್ಲ, ಮೂರು ರಾತ್ರಿಯ ನಿದ್ದೆ, ನಡುಗುತ್ತಾ ಎದ್ದು ಬಂದು ಕೆಮ್ಮು ಶುರುವಾದರೆ... ಇಷ್ಟೇ ನನ್ನ ತಲೆಯಲ್ಲಿದ್ದದ್ದು. "ಯಾರೂ ಇಲ್ಲಪ್ಪ, ಊರಿಗೆ ಹೋಗಿದ್ದಾರೆ. ನಿಮಗೆ ತಡ ಆಗುತ್ತೆ, ಹೊರಡಿ," ಎಂದೆ. ಅವನು ಮೊಮ್ಮಗಳ ತಲೆ ಸವರಿ ಹೊರಟ. ಶೆಡ್ಡಿನಲ್ಲಿದ್ದವರಿಗೂ ಆ ಗಾಡಿಗೂ ನಡುವೆ ಇದ್ದದ್ದು ಒಂದು ತಗಡು.

ಸಂಜೆ ಪೇಂಟರಣ್ಣ ಎದ್ದು ಬಂದರು. ಮುಖದಲ್ಲಿ ಕಳೆ ಬಂದಿತ್ತು. ನಾನು ಮಾಡಿದ್ದು ಸರಿಯೇ ಎಂದುಕೊಂಡೆ. ಅವರು ಟೀ ಲೋಟ ಹಿಡಿದು ರಸ್ತೆ ನೋಡುತ್ತಿದ್ದವರು ಥಟ್ಟನೆ ಹೋಗಿ ಹಂಪಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಟಾರಿನ ಮೇಲೆ ಉಗುರಗಲದ ಹಳದಿ ಚೂರು.

"ಅಕ್ಕಾ! ಇದ್ಯಾವಾಗ ಹೋಯ್ತು?"

"ಯಾವ್ದು?"

"ಇದು ನಮ್ಮೂರ ಬಣ್ಣ ಅಲ್ಲ. ಆಟೋ ಹಳದಿ ಅಲ್ಲ, ಸ್ಕೂಲ್ ಬಸ್ ಹಳದಿ ಅಲ್ಲ. ನೋಡಿ, ಕೋಟ್ ಮೇಲೆ ಕೋಟ್, ಒಳಗೆ ದೀಪ ಇಟ್ಟ ಹಾಗಿದೆ... ನೀವು ನೋಡಿದ್ರಾ?"

ನೋಡಿದೆ ಎಂದರೆ ಯಾಕೆ ಏಳಿಸಲಿಲ್ಲ ಎನ್ನುವರು. ಆ ಡ್ರೈವರು ಕಾಯಲು ಒಪ್ಪಿದ್ದ ಎಂದು ತಿಳಿದರೆ ಎದೆ ಒಡೆದುಕೊಳ್ಳುವರು. "ಒಳಗೆ ಬಜ್ಜಿ ಕರೀತಿದ್ದೆ ಅಣ್ಣ, ನೋಡ್ಲಿಲ್ಲ," ಎಂದೆ. ಹೇಳುತ್ತಲೇ ಮೊಮ್ಮಗಳ ಕಡೆ ಕಣ್ಣು ಬಿಟ್ಟೆ. ಅವಳು ತಲೆ ತಗ್ಗಿಸಿದಳು.

ಪೇಂಟರಣ್ಣ ಬಣ್ಣಕ್ಕೆ ಮುಂಚೆ ತಗ್ಗು ತುಂಬಲು ಲಪ್ಪ ಹಚ್ಚುವ ತೆಳು ಬ್ಲೇಡಿನಿಂದ ಆ ಚೂರನ್ನು ಎಬ್ಬಿಸಿ ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡರು. "ಹೊಟ್ಟೆ ತಾಗಿಸಿದಾನೆ. ನೇರ ನುಗ್ಗಿದಾನೆ. ನಾನು ಹೇಳಿರ್ಲಿಲ್ವಾ ಅಕ್ಕ?" ಎಂದರು. ಆ ಮಾತಿನಲ್ಲಿ ಗೆದ್ದ ಖುಷಿ ಇರಲಿಲ್ಲ.

ಆಗಲೇ ಹೇಳಬೇಕಿತ್ತು. ನೇರ ನುಗ್ಗಲಿಲ್ಲ ಅಣ್ಣ, ನೀವು ಹೇಳಿದ ಹಾಗೇ ಓರೆಯಾಗಿ, ಒಂದೊಂದೇ ಚಕ್ರ... ಆದರೆ ನೋಡಿಲ್ಲ ಎಂದವಳು ಇದನ್ನು ಹೇಗೆ ಹೇಳಲಿ? ನಾಳೆ ಹೇಳೋಣ ಎಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ.

ಆಮೇಲೆ ಅವರು ಬಂದ ಕೆಲಸವನ್ನೆಲ್ಲ ಬದಿಗಿಟ್ಟು ಆ ಹಳದಿ ಕಲಸಲು ಕೂತರು. ಡಬ್ಬಿಯ ಮುಚ್ಚಳಗಳ ಮೇಲೆ ಹಚ್ಚಿ ಬಿಸಿಲಿಗಿಡುವುದು, ಬೆಂಕಿಪೊಟ್ಟಣ ತೆಗೆದು ಪಕ್ಕದಲ್ಲಿ ಹಿಡಿದು ನೋಡುವುದು. ಶೆಡ್ಡಿನ ಮುಂದೆ ಸಾಲಾಗಿ ಹಳದಿ ಮುಚ್ಚಳಗಳು, ಸಂತೆಯಲ್ಲಿ ನಿಂಬೆಹಣ್ಣು ಹರಡಿದ ಹಾಗೆ. ಒಂದು ದಿನ ಟೀ ತೆಗೆದುಕೊಂಡು ಹೋದಾಗ ಉಸಿರಿಗೆ ಒದ್ದಾಡುತ್ತಿದ್ದರು. "ಆಗ್ಲಿಲ್ಲ ಅಕ್ಕ. ಬಣ್ಣ ಬರುತ್ತೆ, ಒಳಗಿನ ಬೆಳಕು ಬರಲ್ಲ," ಎಂದರು. ಬೆಂಕಿಪೊಟ್ಟಣ ಮುಚ್ಚುತ್ತಾ, "ಪಾಪ, ಆ ಗಾಡಿ. ಎಂಥೋನ ಕೈಗೆ ಸಿಕ್ತೋ," ಎಂದರು.

ನಾನು ಲೋಟ ಕೊಟ್ಟು ವಾಪಸು ಬಂದೆ.

ಅದಾಗಿ ವಾರದಲ್ಲಿ ಅವರು ತೀರಿಹೋದರು. ಬೆಂಕಿಪೊಟ್ಟಣವನ್ನು ಮೊಮ್ಮಗಳಿಗೆ ಕೊಟ್ಟಿದ್ದರು. ಅವರ ಹೆಂಡತಿ ಸೇಲಂ ಕಡೆಯ ತವರಿಗೆ ಹೋದರು, ಈಗ ಅವರೂ ಇಲ್ಲ. ತಪ್ಪಾಯಿತೆಂದು ಹೇಳಿಕೊಳ್ಳಲು ಆ ಮನೆಯಲ್ಲಿ ಒಬ್ಬರೂ ಉಳಿದಿಲ್ಲ. ನಾವು ಶಿವಮೊಗ್ಗಕ್ಕೆ ಬಂದೆವು. ಶೆಡ್ಡಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಎದ್ದಿದೆ. ಹಂಪನ್ನು ಒಡೆದು ಅಳತೆಯದು ಹಾಕಿದ್ದಾರೆ.

ನಿನ್ನೆ ಸಂಜೆ ಮನೆ ತುಂಬಿತ್ತು. ಹೊಳಲೂರಿನಿಂದ ಮಗಳು, ಅಳಿಯ ಬಂದಿದ್ದರು. ಕೋಳಿ ಸಾರು, ಕಡುಬು ಮಾಡಿದ್ದೆವು. ಎಲ್ಲರೂ ನೆಲದ ಮೇಲೆ ಸುತ್ತ ಕೂತೆವು. ಮೊಮ್ಮಗಳು ಎಡಗೈಯಲ್ಲಿ ಫೋನ್ ಹಿಡಿದು, ಕಾಲೇಜಿನಿಂದ ಗಾಡಿ ಹೊರಟ ದಿನದ ವಿಡಿಯೋ ತೋರಿಸಿದಳು. ಕಾಲೇಜಿನ ಗೇಟಿನ ಹತ್ತಿರ ಒಂದು ಹಂಪ್. ಇವಳು ಗಾಡಿಯನ್ನು ಓರೆಯಾಗಿ ತಿರುಗಿಸಿ ಒಂದೊಂದೇ ಚಕ್ರ ಹತ್ತಿಸುತ್ತಿದ್ದಾಳೆ, ಜೊತೆಯ ಹುಡುಗರು ಕೇಕೆ ಹಾಕಿ ನಗುತ್ತಿದ್ದಾರೆ. ದಾಟಿಸಿ ಇಳಿದವಳು ಮೂತಿಯ ಕೆಳಗೆ ಅಂಗೈ ಇಟ್ಟು ಸವರಿದಳು.

"ಎಲ್ಲಾ ಸರಿ ಕಣೇ, ಬೇರೆ ಬಣ್ಣ ಸಿಗ್ಲಿಲ್ವಾ? ಆಟೋ ಇದ್ದ ಹಾಗಿದೆ," ಎಂದ ನನ್ನ ಮಗ.

"ಅದು ಆಟೋ ಹಳದಿ ಅಲ್ಲಪ್ಪ," ಎಂದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಬೆಂಕಿಪೊಟ್ಟಣ ತಗೊಂಡು ಪೇಂಟ್ ಅಂಗಡಿಗೆ ಹೋಗಿದ್ದೆ ಅಜ್ಜಿ. ಆ ಚೂರನ್ನ ಮಿಷನ್‌ಗೆ ತೋರಿಸಿದ್ರು. ಹತ್ತು ನಿಮಿಷಕ್ಕೆ ಕಲಸಿ ಕೊಡ್ತು," ಎಂದಳು.

ಹತ್ತು ನಿಮಿಷ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದೆ.

"ಯಾವ ಚೂರು? ಏನದು?" ಎಂದಳು ಸೊಸೆ.

"ಅಜ್ಜಿ, ನಾನ್ ಹೇಳ್ಲಾ?"

"ಬೇಡ. ನೋಡಿದವಳು ನಾನು, ನಾನೇ ಹೇಳ್ತೀನಿ," ಎಂದೆ. ಶೆಡ್ಡಿನಲ್ಲಿ ಮಲಗಿದ್ದವರನ್ನು, ಲಂಗ ಹಿಡಿದದ್ದನ್ನು, ಬಜ್ಜಿ ಕರಿಯುತ್ತಿದ್ದೆ ಎಂದದ್ದನ್ನು, ಎಲ್ಲವನ್ನೂ ಹೇಳಿದೆ. ಕೊನೆಗೆ ಎಂಜಲು ಕೈಯನ್ನೇ ಚಾಚಿ, ತಟ್ಟೆಯ ಅಂಚಿನ ಮೇಲೆ ಓರೆಯಾಗಿ ಹತ್ತಿಸಿ ತೋರಿಸಿದೆ: ಹೀಗೆ ಬಂದ, ಹೀಗೆ ತಿರುಗಿಸಿದ, ಒಂದು ಚಕ್ರ, ಇನ್ನೊಂದು ಚಕ್ರ, ಎಷ್ಟು ನಿಧಾನ ಅಂತೀರಿ, ಹಿಂದೆ ಲಾರಿಯವನು ಬಡ್ಕೊಳ್ತಾನೇ ಇದ್ದ...

ಕೇಳಬೇಕಾಗಿದ್ದ ಒಬ್ಬರನ್ನು ಬಿಟ್ಟು ಎಲ್ಲರೂ ಕೇಳಿದರು.

ಅಷ್ಟರಲ್ಲಿ ಸಾರು ಆರಿತ್ತು. ಸೊಸೆ ಎದ್ದು ಬಿಸಿ ಮಾಡಿ ತಂದಳು. ಮೊಮ್ಮಗಳು ಎಲ್ಲರ ತಟ್ಟೆಗೂ ಇನ್ನೊಂದು ಕಡುಬು ಹಾಕಿ ನನ್ನ ಪಕ್ಕಕ್ಕೆ ಒತ್ತಿಕೊಂಡು ಕೂತಳು. ಥಿನ್ನರ್ ವಾಸನೆ ಅವಳ ಕೂದಲಲ್ಲಿ ಇನ್ನೂ ಇತ್ತು. ಎಲ್ಲರೂ ಊಟ ಮುಂದುವರಿಸಿದೆವು.