ಅಜ್ಜಿಯ ಕಿವಿ ಸರಿಯಾಗಿಯೇ ಇತ್ತು

ಆ ಸಂಜೆ ನಮ್ಮ ಹೊಸ್ತಿಲಲ್ಲಿ ನಾಲ್ಕು ಮಂದಿ ನಿಂತಿದ್ದೆವು — ನಾನು, ನನ್ನ ಗಂಡ, ಕೆಳಗಿನ ಮನೆಯ ಗಂಗವ್ವಜ್ಜಿ, ಅವರ ಮಗ ಬಸವರಾಜ. ಮೂವರ ಎದುರೂ ನಾನು ಸುಳ್ಳು ಹೇಳಿದೆ. ವರ್ಷಗಳೇ ಕಳೆದವು. ಬರೆಯುತ್ತಿರುವುದು ಆ ಸುಳ್ಳಿಗಾಗಿ ಮಾತ್ರ. ಉಳಿದದ್ದಕ್ಕೆ ಯಾರೂ ನನ್ನಿಂದ ಪಶ್ಚಾತ್ತಾಪ ನಿರೀಕ್ಷಿಸುವುದು ಬೇಡ.

ಖಾರಘರದಲ್ಲಿ ಮೆಟ್ರೋದ ಕಂಬಗಳು ಏಳುತ್ತಿದ್ದ ಕಾಲ. ಬಾಡಿಗೆಗೆ ಮನೆ ಹುಡುಕುತ್ತಿದ್ದ ನಮಗೆ ಏಜೆಂಟ್ ಒಂದು ಫ್ಲ್ಯಾಟಿನ ಬಾಗಿಲು ತೆರೆದ. ಒಳಗೆಲ್ಲ ಮರದ ನೆಲ! ವಿದೇಶದಲ್ಲಿದ್ದ ಮಾಲಕಿ ಆಸೆಪಟ್ಟು ಹಾಕಿಸಿದ್ದಂತೆ. ಒದ್ದೆ ಬಟ್ಟೆಯಲ್ಲಿ ಒರೆಸಬಾರದು, ಮಂಚ ಎಳೆಯಬಾರದು, ಕ್ಲಾಸು ಗೀಸು ನಡೆಸಲೇಬಾರದು — ಅವನು ಶರತ್ತು ಹೇಳುತ್ತಲೇ ಇದ್ದ. ನಾನು ಚಪ್ಪಲಿ ಬಿಟ್ಟು ಒಂದು ಹೆಜ್ಜೆ ಹಾಕಿ ನೋಡಿದೆ. "ಇದೇ ಮನೆ" ಎಂದೆ ಗಂಡನಿಗೆ.

ನನ್ನಪ್ಪ ಯಕ್ಷಗಾನದ ಭಾಗವತರು. ಅವರ ಹಾಡಿಗೆ ಊರಿನ ಗಂಡುಹುಡುಗರೆಲ್ಲ ಕುಣಿದರು. ನಾನು ಕಂಬಕ್ಕೊರಗಿ ನೋಡಿ ಕಲಿತೆ. "ಹೆಣ್ಣಿಗೆ ಯಾಕೆ ಮಾರಾಯ್ತಿ ಗೆಜ್ಜೆ" ಎಂದವರೇ ಎಲ್ಲ. ಹೊರನಾಡಿನ ಈ ಮಹಾನಗರಕ್ಕೆ ಬಂದ ಮೇಲೆ ಇಲ್ಲಿನ ನಮ್ಮವರ ಮಕ್ಕಳಿಗೆ ಯಕ್ಷಗಾನ ಕಲಿಸತೊಡಗಿದೆ. ಕೋಪರಖೈರಣೆಯ ಹಳೆಯ ಮನೆಯ ಟೈಲ್ಸಿನ ಮೇಲೆ ಅವರ ಹಿಮ್ಮಡಿ ಊದುತ್ತಿತ್ತು. ಮರ ಹಾಗಲ್ಲ — ಇಟ್ಟ ಕಾಲನ್ನು ಮೆಲ್ಲಗೆ ಎತ್ತಿಕೊಡುತ್ತದೆ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುವ ಮಕ್ಕಳು ಅದೇ ನೆಲದ ಮೇಲೆ ನಿಂತು, ಒಂದೇ ಒಂದು ಇಂಗ್ಲಿಷ್ ಶಬ್ದ ಬೆರೆಸದೆ ಪಾತ್ರದ ಮಾತು ಆಡಿದರು. ನವರಾತ್ರಿಗೆ ಗೋಡೆ ನಡುಗುವಷ್ಟು ಸ್ಪೀಕರ್ ಹಾಕುವ ಸೊಸೈಟಿ ಅದು. ಮಕ್ಕಳ ಕಾಲಿನ ಸದ್ದು ಮಾತ್ರ ಯಾಕೆ ಅಪರಾಧ? ಕಲಿಸಿದ್ದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳಲಾರೆ. ಮಾಲಕಿಯದ್ದೂ ಇಲ್ಲ.

ಆದರೆ ಗಂಗವ್ವಜ್ಜಿ —

ಹುಬ್ಬಳ್ಳಿ ಕಡೆಯವರು. ಹಗಲೆಲ್ಲ ಒಬ್ಬರೇ. ಮಗ ಆಫೀಸಿನಿಂದ ಬರುವಷ್ಟರಲ್ಲಿ ನನ್ನ ಕ್ಲಾಸಿನ ಮಕ್ಕಳು ತಮ್ಮ ತಮ್ಮ ಮನೆ ಸೇರಿರುತ್ತಿದ್ದರು. ಅವನಿಗೆ ಒಂದು ಸದ್ದೂ ಕೇಳಿಸಿದ್ದಿಲ್ಲ. ಕೊನೆಗೆ ಒಂದು ಸಂಜೆ ಅಜ್ಜಿ ಅವನ ಕೈ ಹಿಡಿದು ಮೇಲಕ್ಕೆ ಎಳೆದುತಂದರು.

"ಕೇಳು ಈಕಿನ್ನ. ದಿನಾ ಕುಣೀತಾರ. ನನ್ನ ತಲಿ ಮ್ಯಾಲೆ ಧಿಮಿ ಧಿಮಿ ಅಂತೈತಿ!"

ಮಾಲಕಿಗೆ ಸುದ್ದಿ ಹೋದರೆ ಮನೆ ಹೋಗುತ್ತದೆ, ನೆಲ ಹೋಗುತ್ತದೆ — ಅಷ್ಟೇ ನನಗೆ ಹೊಳೆದದ್ದು. ನಕ್ಕೆ.

"ನಾವು ಇಬ್ಬರೇ ಇರುದಲ್ವಾ ಅಜ್ಜಿ, ಕುಣಿಯುದು ಯಾರು? ಪ್ರಾಯ ಆದ ಮೇಲೆ ಕಿವಿಯಲ್ಲಿ ಹಾಗೆಲ್ಲ ಶಬ್ದ ಬರ್ತದೆ."

ಗಂಡ ತಲೆ ತಗ್ಗಿಸಿದರು. "ತಪ್ಪು ತಿಳ್ಕೋಬ್ಯಾಡ್ರಿ ವೈನಿ, ಅವ್ವಗ ವಯಸ್ಸಾತು" ಎಂದ ಬಸವರಾಜ. ಅಜ್ಜಿ ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು.

ಕೆಲವು ವಾರಗಳ ನಂತರ ಲಿಫ್ಟಿನಲ್ಲಿ ಅವನೇ ಹೇಳಿದ — ಡಾಕ್ಟರಿಗೆ ತೋರಿಸಿದ್ದಾಯಿತು, ಗುಳಿಗೆ ಕೊಟ್ಟಿದ್ದಾರೆ, "ಈಗ ಮಧ್ಯಾಹ್ನ ಪೂರಾ ಮಲಗತಾಳ್ರೀ." ನನಗೆ ಸಂಕಟವಾಗಬೇಕಿತ್ತು. ಆದದ್ದು ನಿರಾಳ. ಮರುದಿನದಿಂದ ಮಕ್ಕಳ ಕಾಲಿಗೆ ಗೆಜ್ಜೆಯನ್ನೂ ಕಟ್ಟಿಸಿದೆ. ಅಲ್ಲಿಯವರೆಗೆ ಅಷ್ಟು ಧೈರ್ಯವಿರಲಿಲ್ಲ.

ಚೌತಿಗೆ ಪತ್ರೊಡೆ ಕೊಡಲೆಂದು ಕೆಳಗೆ ಹೋದೆ. ಜಾಲರಿ ಬಾಗಿಲಿನ ಆಚೆ ಅಜ್ಜಿ ಕುರ್ಚಿಯಲ್ಲಿ ಕುಳಿತದ್ದು ಕಾಣುತ್ತಿತ್ತು. ಬೆಲ್ ಒತ್ತಿದೆ. ಏಳಲಿಲ್ಲ. ಮತ್ತೆ ಒತ್ತಿದೆ. ಆಮೇಲೆ ನನ್ನನ್ನು ನೋಡಿ ಅಳುಕುತ್ತ ಕೇಳಿದರು —

"ಖರೇನ ಬೆಲ್ ಹೊಡದೇನವ್ವಾ? ಇಲ್ಲಾ ನನ್ನ ಕಿವ್ಯಾಗ ಬಂತೋ?"

ಮಗ ಬರುವವರೆಗೂ ನಾನು ಅಲ್ಲೇ ಕುಳಿತೆ. ಇಬ್ಬರ ಎದುರೂ ಎಲ್ಲವನ್ನೂ ಹೇಳಿದೆ, ಗೆಜ್ಜೆಯದ್ದನ್ನೂ. ಬಸವರಾಜ ಬೈಯಲಿಲ್ಲ — ಬೈದಿದ್ದರೆ ನಾನೂ ಏನಾದರೂ ಎದುರಾಡುತ್ತಿದ್ದೆನೋ ಏನೋ. ಅಜ್ಜಿ ನನ್ನತ್ತ ತಿರುಗಲೇ ಇಲ್ಲ. ಮಗನಿಗೆ ಹೇಳಿದರು:

"ಆಕಿ ಮಂದಿ ಮನಿಯಾಕಿ, ತನ್ನ ಬಾಳೇದಕ್ಕ ಸುಳ್ಳು ಹೇಳಿದ್ಲು. ನೀ ನನ್ನ ಹೊಟ್ಟ್ಯಾಗ ಹುಟ್ಟಿದಂವ. ಆಕಿ ಮಾತು ನಂಬಿದಿ."

ಮಾಲಕಿಗೆ ನಾನೇ ಫೋನ್ ಮಾಡಿ ತಿಳಿಸಿದೆ, ಮನೆ ಬಿಟ್ಟೆವು. ಈಗಲೂ ಕಲಿಸುತ್ತೇನೆ. ಬಿಡುವವಳಲ್ಲ. ಕೆಳಗಿನ ಮನೆಯವರಿಗೆ ಮೊದಲೇ ಹೇಳುವುದು, ಅವರು ಬೇಡವೆಂದರೆ ಬೇರೆ ಜಾಗ ಹುಡುಕುವುದು — ಅಷ್ಟನ್ನು ಕಲಿಯಲು ನಾನು ಒಬ್ಬರಿಗೆ ತಮ್ಮ ಕಿವಿಯ ಮೇಲಿದ್ದ ನಂಬಿಕೆಯನ್ನೇ ಮುರಿಯಬೇಕಾಯಿತು.

ಆ ದೀಪಾವಳಿಗೆ ಗಂಗವ್ವಜ್ಜಿ ಕಲ್ಯಾಣದಲ್ಲಿದ್ದ ಮಗಳ ಮನೆಗೆ ಹೋದರು. ಕರೆತರಲು ಬಸವರಾಜ ಎರಡು ಸಲ ಹೋದನಂತೆ. ಅವರು ಬರಲಿಲ್ಲ.