ದಪ್ಪವಿಲ್ಲದ ಚುಕ್ಕೆ

ಬಡಗಿ ಮೇಸ್ತ್ರಿಯ ಕೈಗೆ ಯಾವ ಹಲಗೆ ಬಂದರೂ ಮೊದಲು ಅದರ ಮೇಲೆ ಚುಕ್ಕೆ ಬೀಳಬೇಕು. ಅಂಚಿನ ನಟ್ಟನಡುವೆ ಮಧ್ಯಬಿಂದು, ಗೆರೆ ಮುಗಿಯುವಲ್ಲಿ ತುದಿಬಿಂದು, ಎದುರುಬದುರು ಮೂಲೆಗಳಿಂದ ಎಳೆದ ಎರಡು ದಾರ ಒಂದನ್ನೊಂದು ದಾಟುವಲ್ಲಿ ಕೇಂದ್ರ. ಪೆನ್ಸಿಲನ್ನು ಸೂಜಿಯಷ್ಟು ಚೂಪು ಮಾಡಿ ಇಡುವ ಆ ಚುಕ್ಕೆ ಕಾಣುವುದು ಅವರೊಬ್ಬರಿಗೇ. ಮೇಜು ಮಾಡಿಸಲು ಬಂದ ಲೆಕ್ಕದ ಟೀಚರಮ್ಮ, "ಸ್ವಲ್ಪ ದಪ್ಪಗಿಡಿ ಮೇಸ್ತ್ರಿ, ಕಾಣ್ತಾನೇ ಇಲ್ಲ" ಅಂದರೆ, "ಚುಕ್ಕೆಗೆ ದಪ್ಪ ಇರಲ್ಲ ಟೀಚರಮ್ಮ, ನೀವೇ ತಾನೆ ಪಾಠ ಹೇಳೋದು?" ಎಂದು ಬಾಯಿ ಮುಚ್ಚಿಸುತ್ತಾರೆ. ಚುಕ್ಕೆ ತಪ್ಪಿದೆ ಎಂದವರ ಕೈಗೆ ಟೇಪು ಕೊಟ್ಟು, "ನೀವೇ ಅಳೀರಿ" ಅನ್ನುತ್ತಾರೆ. ಇದುವರೆಗೆ ಯಾರೂ ಗೆದ್ದಿಲ್ಲ. ಆದರೆ ಅವರ ಮನೆಯೊಳಗೆ ಚುಕ್ಕೆಗಳೆಲ್ಲ ದಪ್ಪ. ಹೆಂಡತಿಗೆ ಕಣ್ಣು ಕಾಣದಂತಾದ ವಾರವೇ ಅವರು ಅಡುಗೆಮನೆಯಲ್ಲಿ ಒಲೆ ಪಕ್ಕದ ಮರದ ಕಟ್ಟೆಯ ನಡುವಿಗೂ ಬಾಗಿಲ ಚೌಕಟ್ಟಿಗೂ ಗುಂಡುತಲೆಯ ಹಿತ್ತಾಳೆ ಮೊಳೆ ಹೊಡೆದರು. ಆಕೆ ಅವನ್ನು ಬೆರಳಲ್ಲಿ ಸವರಿಕೊಂಡು, ಯಾರ ಕೈಯನ್ನೂ ಹಿಡಿಯದೆ ಮನೆಯೆಲ್ಲ ಓಡಾಡುತ್ತಾರೆ. ಮೊನ್ನೆ ಆಕೆ, "ರೀ, ಒಲೆ ಹತ್ರದ ಮೊಳೆ ನಡುವಿಗಿಲ್ಲ, ಒಂದು ಕೂದಲೆಳೆ ಎಡಕ್ಕಿದೆ" ಅಂದರು. ಮೇಸ್ತ್ರಿ ಟೇಪು ಮುಟ್ಟಲೂ ಇಲ್ಲ. ಇಕ್ಕಳ ತಂದು ಮೊಳೆ ಕಿತ್ತು, "ಎಲ್ಲಿಗೆ ಬೇಕು, ನೀನೇ ಬೆರಳಿಡು" ಅಂದರು.